ಒಂದೇ ಕಾಡಿನಲ್ಲಿ ಹುಟ್ಟುವ ಕಪ್ಪು ಹುಲಿ

ಮೊದಲ ನೋಟಕ್ಕೆ ಕಣ್ಣು ನಂಬುವುದಿಲ್ಲ. ಕ್ಯಾಮೆರಾ ಟ್ರ್ಯಾಪ್‌ಗೆ ಸಿಕ್ಕ ಚಿತ್ರದಲ್ಲಿ ನಡೆದು ಹೋಗುತ್ತಿರುವುದು ಹುಲಿಯೇ. ಆ ಹೆಗಲು, ಆ ಗತ್ತು, ಆ ಬಾಲ ಎಲ್ಲವೂ ಹುಲಿಯದ್ದೇ. ಆದರೆ ಬೆನ್ನು ಕಪ್ಪು! ಚಿತ್ರವನ್ನು ದೊಡ್ಡದು ಮಾಡಿ ದಿಟ್ಟಿಸಿದರೆ ಗುಟ್ಟು ತಿಳಿಯುತ್ತದೆ. ಪಟ್ಟೆಗಳು ಮಾಯವಾಗಿಲ್ಲ, ಅಗಲವಾಗಿ ಹರಡಿ ಒಂದರೊಳಗೊಂದು ಸೇರಿಹೋಗಿವೆ. ಪಕ್ಕೆಯ ಬಳಿ, ತೊಡೆಯ ಬಳಿ, ಸಂದಿನಲ್ಲಿ ಮಾತ್ರ ಕಿತ್ತಳೆ ಬಣ್ಣದ ಎಳೆಗಳು ಇಣುಕುತ್ತವೆ.

ಇದು ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಸಿಮಿಲಿಪಾಲ್ ಕಾಡಿನ ಹುಲಿ. ಸುಮಾರು 2,750 ಚದರ ಕಿಲೋಮೀಟರ್ ಹರಡಿರುವ ಈ ಹುಲಿ ಸಂರಕ್ಷಿತ ಪ್ರದೇಶವನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಂಥ ಹುಲಿಗಳು ನೆಲೆಸಿಲ್ಲ. ಕಪ್ಪು ಹುಲಿ ಕಂಡೆವೆಂದು ಸುತ್ತಲಿನ ಹಳ್ಳಿಯವರು ಹೇಳುತ್ತಿದ್ದ ಮಾತಿಗೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1993ರಲ್ಲಿ. ಕಾಡಂಚಿನ ಹಳ್ಳಿಯೊಂದರ ಯುವಕ ತನ್ನ ಜೀವ ಉಳಿಸಿಕೊಳ್ಳಲು ಬಿಟ್ಟ ಬಾಣಕ್ಕೆ ಹೆಣ್ಣುಹುಲಿಯೊಂದು ಬಲಿಯಾಯಿತು. ಅದರ ಚರ್ಮ ಕಪ್ಪಾಗಿತ್ತು. ಒಡಿಶಾ ಅರಣ್ಯ ಇಲಾಖೆಯ 2023-24ರ ಗಣತಿ ಇನ್ನೂ ಬೆರಗು ಹುಟ್ಟಿಸುತ್ತದೆ: ಸಿಮಿಲಿಪಾಲ್‌ನ 27 ವಯಸ್ಕ ಹುಲಿಗಳಲ್ಲಿ 13 ಕಪ್ಪು! ಬೇರೆ ಕಾಡುಗಳಲ್ಲಿ ಒಂದೂ ಇಲ್ಲ, ಇಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ. ಏಕೆ?

ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. ಎನ್‌ಸಿಬಿಎಸ್ ಎಂದೇ ಹೆಸರಾದ ಸಂಶೋಧನಾ ಕೇಂದ್ರ ಜಿಕೆವಿಕೆ ಆವರಣದಲ್ಲಿದೆ. ಅಲ್ಲಿನ ವಿಜ್ಞಾನಿ ಉಮಾ ರಾಮಕೃಷ್ಣನ್, ಅವರ ವಿದ್ಯಾರ್ಥಿ ವಿನಯ್ ಸಾಗರ್ ಮತ್ತು ಸಂಗಡಿಗರು ಈ ಒಗಟಿನ ಬೆನ್ನು ಹತ್ತಿದರು. ಕಾಡಿನ ಹುಲಿಯ ರಕ್ತ ತೆಗೆಯಲು ಯಾರಿಗೆ ಸಾಧ್ಯ? ಅದು ಕಾಲುದಾರಿಯಲ್ಲಿ ಬಿಟ್ಟುಹೋದ ಮಲ, ಉದುರಿಸಿದ ಕೂದಲು, ಇವೇ ಅವರಿಗೆ ಬಂಡವಾಳ. ಹುಲಿಯ ಕರುಳಿನಿಂದ ಕಳಚಿ ಮಲಕ್ಕೆ ಅಂಟಿಕೊಂಡ ಜೀವಕೋಶಗಳಲ್ಲಿ ಅದರ ಡಿಎನ್‌ಎ ಇರುತ್ತದೆ. ಬಿಸಿಲು ಮಳೆಗೆ ಸಿಕ್ಕಿ ತುಂಡುತುಂಡಾದ ಆ ಡಿಎನ್‌ಎಯನ್ನು ಹೆಕ್ಕಿ ತೆಗೆದು ಓದಿದರೆ ಹುಲಿಯ ಜಾತಕವೇ ಕೈಗೆ ಬಂದಂತೆ!

ಜೊತೆಗೆ ಭುವನೇಶ್ವರದ ನಂದನಕಾನನ ಮೃಗಾಲಯದಲ್ಲಿ ಕಪ್ಪು ಮರಿಗಳು ಹುಟ್ಟಿದ್ದ ಹುಲಿ ಕುಟುಂಬವಿತ್ತು. ಅಪ್ಪ, ಅಮ್ಮ, ಮರಿಗಳ ಡಿಎನ್‌ಎಯನ್ನು ಉದ್ದಕ್ಕೂ ಹೋಲಿಸಿ ನೋಡಿದಾಗ ವ್ಯತ್ಯಾಸ ಬಂದು ನಿಂತದ್ದು ಒಂದೇ ಒಂದು ವಂಶವಾಹಿಯಲ್ಲಿ. ಅದರ ಹೆಸರು ಟ್ಯಾಕ್‌ಪೆಪ್. ಹುಲಿಯ ಡಿಎನ್‌ಎಯಲ್ಲಿ 200 ಕೋಟಿಗೂ ಹೆಚ್ಚು ಅಕ್ಷರಗಳಿವೆ. ಅಷ್ಟರಲ್ಲಿ ಒಂದೇ ಅಕ್ಷರ ಬದಲಾದರೆ ಸಾಕು, ಪಟ್ಟೆಗಳು ಕೂಡಿಕೊಂಡು ಮೈ ಕಪ್ಪಾಗುತ್ತದೆ! ಸಾಕುಬೆಕ್ಕಿನ ಮೈಮೇಲೆ ತೆಳು ಗೆರೆಗಳ ಬದಲು ದಪ್ಪ ಸುರುಳಿಗಳು ಮೂಡುವುದಕ್ಕೂ, ಆಫ್ರಿಕಾದ ‘ಕಿಂಗ್ ಚೀತಾ’ದ ಚುಕ್ಕೆಗಳು ಸೇರಿ ಪಟ್ಟೆಗಳಾಗುವುದಕ್ಕೂ ಇದೇ ವಂಶವಾಹಿಯ ಬದಲಾವಣೆಗಳು ಕಾರಣ. ನಮ್ಮ ಅಡುಗೆಮನೆ ಕಿಟಕಿಯಲ್ಲಿ ಬಂದು ಕೂರುವ ಬೆಕ್ಕಿಗೂ ಸಿಮಿಲಿಪಾಲ್‌ನ ಹುಲಿಗೂ ಮೈಬಣ್ಣದ ಸೂತ್ರ ಒಂದೇ ಎಂದರೆ ರೋಮಾಂಚನವಾಗದೆ ಇರುತ್ತದೆಯೇ?

ಈ ಸಂಶೋಧನೆ ಪ್ರಕಟವಾದದ್ದು 2021ರಲ್ಲಿ. ತಂಡ ಬೇರೆ ಬೇರೆ ಕಡೆಯ 395 ಹುಲಿಗಳಲ್ಲಿ ಆ ಅಕ್ಷರವನ್ನು ಹುಡುಕಿತ್ತು. ಸಿಮಿಲಿಪಾಲ್ ಮತ್ತು ಅದರ ನಂಟಿರುವ ಮೃಗಾಲಯಗಳ ಆಚೆ ಬದಲಾದ ಅಕ್ಷರ ಕಾಣಲೇ ಇಲ್ಲ ಎನ್ನುವಷ್ಟು ವಿರಳ. ಸಿಮಿಲಿಪಾಲ್‌ನ ಮಾದರಿಗಳಲ್ಲಿ ಮಾತ್ರ ಈ ವಂಶವಾಹಿಯ ಪ್ರತಿಗಳಲ್ಲಿ ಶೇ 58 ಬದಲಾದವು! ಪ್ರತಿ ಹುಲಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಎರಡು ಪ್ರತಿಗಳು ಬರುತ್ತವೆ. ಎರಡೂ ಬದಲಾದವೇ ಆಗಿದ್ದರೆ ಮಾತ್ರ ಮರಿ ಕಪ್ಪು. ಶೇ 58ರ ಲೆಕ್ಕ ಹಾಕಿದರೆ ಮೂರರಲ್ಲಿ ಒಂದು ಮರಿ ಕಪ್ಪಾಗಬೇಕು.

ಅಷ್ಟು ವಿರಳವಾದ ಅಕ್ಷರ ಇಲ್ಲಿ ಇಷ್ಟು ಹೆಚ್ಚಿದ್ದು ಹೇಗೆ? ಕಣಜದ ತುಂಬ ಬಿಳಿ ಕಾಳು, ನಡುವೆ ಅಲ್ಲೊಂದು ಇಲ್ಲೊಂದು ಕರಿ ಕಾಳು ಎಂದುಕೊಳ್ಳಿ. ಬಿತ್ತನೆಗೆ ಒಂದೇ ಹಿಡಿ ತೆಗೆದಾಗ ಅದರಲ್ಲಿ ಒಂದೆರಡು ಕರಿ ಕಾಳು ಬಂದುಬಿಟ್ಟರೆ ಮುಂದಿನ ಬೆಳೆಯ ಬಣ್ಣವೇ ಬೇರೆ. ಸಿಮಿಲಿಪಾಲ್‌ನಲ್ಲಿ ಆದದ್ದು ಇದೇ ಇರಬೇಕೆಂದು ಕಂಪ್ಯೂಟರ್ ಲೆಕ್ಕಾಚಾರಗಳು ಹೇಳುತ್ತವೆ. ಸುತ್ತಲಿನ ಕಾಡು ಕರಗಿ, ಊರು, ಗದ್ದೆ, ಗಣಿ, ರಸ್ತೆ ಬೆಳೆದು, ಮಿಕ್ಕ ಹುಲಿ ನೆಲೆಗಳು ನೂರಾರು ಕಿಲೋಮೀಟರ್ ದೂರ ಸರಿದವು. ಉಳಿದ ಬೆರಳೆಣಿಕೆಯ ಹುಲಿಗಳಲ್ಲಿ ಯಾವುದೋ ಒಂದೆರಡರ ಬಳಿ ಆ ಅಕ್ಷರವಿತ್ತು. ಹೊರಗಿನಿಂದ ಹೊಸ ಗಂಡು ಬರಲಿಲ್ಲ, ಒಳಗಿನ ಮರಿ ಹೊರಗೆ ಹೋಗಲಿಲ್ಲ. ಸಂಬಂಧಿಕರಲ್ಲೇ ಕೂಡಿ ಮರಿ ಹಾಕಿದಂತೆಲ್ಲ ಅಕ್ಷರ ಹೆಚ್ಚುತ್ತ ಹೋಯಿತು. ನಮ್ಮನ್ನು ಮರುಳು ಮಾಡುವ ಆ ಕಪ್ಪು ಬಣ್ಣ, ಕಾಡು ದ್ವೀಪವಾದದ್ದರ ಗುರುತು!

ಕಪ್ಪಾಗಿರುವುದು ರೋಗವಲ್ಲ, ನಿಜ. ಆದರೆ ಕಣ್ಣಿಗೆ ಕಾಣುವ ಒಂದು ಅಕ್ಷರ ಹೀಗೆ ಹೆಚ್ಚಬಲ್ಲದಾದರೆ, ಹೃದಯವನ್ನೋ ಸಂತಾನಶಕ್ತಿಯನ್ನೋ ಕೆಡಿಸುವ, ಕಣ್ಣಿಗೆ ಕಾಣದ ಅಕ್ಷರಗಳೂ ಹೆಚ್ಚಬಲ್ಲವು. ಅಮೆರಿಕದ ಫ್ಲಾರಿಡಾದಲ್ಲಿ ಅದು ನಡೆದೇ ಹೋಗಿತ್ತು. 1990ರ ದಶಕದ ಆರಂಭಕ್ಕೆ ಅಲ್ಲಿ ಪ್ಯಾಂಥರ್ ಎಂದು ಕರೆಯುವ ಪ್ಯೂಮಾಗಳು ಇಪ್ಪತ್ತು ಮೂವತ್ತಕ್ಕೆ ಇಳಿದಿದ್ದವು. ಬಾಲದ ತುದಿ ಡೊಂಕು, ಗಂಡುಗಳ ವೃಷಣ ಕೆಳಗಿಳಿಯದ ತೊಂದರೆ, ಕೆಲವಕ್ಕೆ ಹೃದಯದಲ್ಲಿ ರಂಧ್ರ. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಎಂಟೇ ಎಂಟು! ಹುಟ್ಟಿದ ಮರಿಗಳಲ್ಲಿ ಆ ದೋಷಗಳು ಇಳಿದವು, ಬದುಕುವ ಮರಿಗಳು ಹೆಚ್ಚಿದವು, ಸಂಖ್ಯೆ ನೂರು ದಾಟಿತು.

ಸಿಮಿಲಿಪಾಲ್‌ನಲ್ಲೂ ಈಗ ಅಂಥದೇ ಪ್ರಯತ್ನ ಶುರುವಾಗಿದೆ. 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಹುಲಿಗಳು ಬಂದವು. ಜೀನತ್ ಮಾಡಿದ್ದೇನು ಗೊತ್ತೇ? ಕಾಡು ದಾಟಿ ಹೊರಟೇಬಿಟ್ಟಿತು! ಜಾರ್ಖಂಡ್ ಹೊಕ್ಕು, ಅಲ್ಲಿಂದ ಪಶ್ಚಿಮ ಬಂಗಾಳಕ್ಕೆ ನಡೆದು, ಡಿಸೆಂಬರ್ 29ರಂದು ಬಾಂಕುಡಾ ಜಿಲ್ಲೆಯಲ್ಲಿ ಅರಿವಳಿಕೆ ಮದ್ದಿಗೆ ಸಿಕ್ಕಿ ಸಿಮಿಲಿಪಾಲ್‌ಗೆ ಮರಳಿತು. ಹುಲಿಯ ಕಾಲಿಗೆ ದೂರ ಲೆಕ್ಕಕ್ಕಿಲ್ಲ. ಅದಕ್ಕೆ ಬೇಕಾದದ್ದು ಜೀವ ಉಳಿಸಿಕೊಂಡು ದಾಟಬಲ್ಲ ದಾರಿ.

ಕರ್ನಾಟಕದಲ್ಲೂ ಇದಕ್ಕೆ ಸಾಕ್ಷಿ ಇದೆ. 2010ರಲ್ಲಿ ಬಂಡೀಪುರದ ಕ್ಯಾಮೆರಾಕ್ಕೆ ಸಿಕ್ಕಿದ್ದ ಗಂಡುಹುಲಿಯೊಂದು ಮರುವರ್ಷ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಬಳಿ ಪ್ರತ್ಯಕ್ಷವಾಯಿತು. ಪಟ್ಟೆ ಹೋಲಿಸಿ ನೋಡಿದರೆ ಅದೇ ಹುಲಿ! ನೇರ ಗೆರೆ ಎಳೆದರೂ ಸುಮಾರು 280 ಕಿಲೋಮೀಟರ್. ಕಾಫಿ ತೋಟ, ಕುರುಚಲು ಕಾಡು, ಹಳ್ಳದಂಚು ಹಿಡಿದು ಹೀಗೆ ಬರುವ ಒಂದೊಂದು ಹುಲಿಯೂ ಹೊಸ ಕಾಡಿಗೆ ಹೊಸ ಅಕ್ಷರಗಳನ್ನು ಹೊತ್ತು ತರುತ್ತದೆ.

ಆದ್ದರಿಂದಲೇ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧ ಅಷ್ಟು ಮುಖ್ಯ. ಮಧ್ಯಪ್ರದೇಶ, ಮಹಾರಾಷ್ಟ್ರ ಗಡಿಯ ಪೇಂಚ್ ಬಳಿ ರಾಷ್ಟ್ರೀಯ ಹೆದ್ದಾರಿ 44ನ್ನು ಕಂಬಗಳ ಮೇಲೆ ಎತ್ತರಿಸಿ, ಕೆಳಗೆ ಪ್ರಾಣಿಗಳಿಗೆ ದಾರಿ ಬಿಟ್ಟಿದ್ದಾರೆ. ಲಾರಿಗಳು ಮೇಲೆ ಓಡುತ್ತಿರುವಾಗ ಕೆಳಗೆ ಹುಲಿಗಳು ದಾಟಿಹೋದದ್ದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ಆಗದ ಕೆಲಸವೇನಲ್ಲ ಇದು!

2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563 ಎಂದು ನಾವು ಹೆಮ್ಮೆಪಟ್ಟೆವು. ಪಡಬೇಕಾದದ್ದೇ. ಆದರೆ ಆ 563 ಹುಲಿಗಳ ಮೊಮ್ಮಕ್ಕಳು ಗಟ್ಟಿಯಾಗಿರಬೇಕಾದರೆ ಕಾಡಿನಿಂದ ಕಾಡಿಗೆ ಹೋಗುವ ದಾರಿಗಳನ್ನೂ ಎಣಿಸಬೇಕು, ಕಾಯಬೇಕು. ರಸ್ತೆ, ರೈಲು, ಬಡಾವಣೆಯ ನಕ್ಷೆ ಮೇಜಿನ ಮೇಲೆ ಬಂದಾಗಲೆಲ್ಲ ಕೇಳಬೇಕಾದ ಮೊದಲ ಪ್ರಶ್ನೆ: ಇಲ್ಲಿ ಹುಲಿ ದಾಟುವುದು ಎಲ್ಲಿಂದ?