ದೀಕ್ಷಾಸ್ನಾನ ಎಂದರೇನು? ತಿಳಿದುಕೊಳ್ಳೋಣ



ನೀರಿನ ಬೆಲೆ ಏನು ಅಂತ ಜಗಳೂರು ಸೀಮೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರು ನೀವು. ತುಂಗಭದ್ರೆಯ ನೀರನ್ನು ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆಗಾಗಿ ವರ್ಷಗಟ್ಟಲೆ ದಾರಿ ಕಾದವರೂ ನೀವೇ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ನೀರು, ಹೋಗುವ ಜೀವದ ಬಾಯಿಗೆ ಕೊನೆಯದಾಗಿ ನೀರು. ಕ್ರೈಸ್ತರ ಬಾಳಿನಲ್ಲೂ ನೀರಿಗೆ ದೊಡ್ಡ ಸ್ಥಾನವಿದೆ. ಸಂಘದ ಗೆಳತಿಯ ಮನೆಯಿಂದ ಮಗುವಿನ ದೀಕ್ಷಾಸ್ನಾನಕ್ಕೆ ಕರೆ ಬಂದಾಗ "ಅದೇನು, ನಾಮಕರಣನಾ?" ಅಂತ ಹಲವರು ಕೇಳ್ತಾರೆ. ಅದಕ್ಕೇ ಈ ಲೇಖನ.

ಅರ್ಥವೇನು?

ಇದನ್ನು ಸ್ನಾನದೀಕ್ಷೆ, ಜ್ಞಾನಸ್ನಾನ ಅಂತಲೂ ಕರೆಯುತ್ತಾರೆ. ಯೇಸುಸ್ವಾಮಿ ಸ್ವತಃ ಜೋರ್ಡನ್ ನದಿಯಲ್ಲಿ ಯೊವಾನ್ನರಿಂದ ಸ್ನಾನದೀಕ್ಷೆ ಪಡೆದರು. ಇದು ಮೈಕೊಳೆ ತೊಳೆಯುವ ಸ್ನಾನವಲ್ಲ. ತಾಯಿಯ ಗರ್ಭದ ನೀರಿನಲ್ಲಿ ಬೆಳೆದ ಕೂಸು ಲೋಕಕ್ಕೆ ಬರುವಂತೆ, ಈ ನೀರಿನಿಂದ ಮನುಷ್ಯ ದೇವರ ಮಗುವಾಗಿ ಹೊಸದಾಗಿ ಹುಟ್ಟುತ್ತಾನೆ ಎಂಬುದು ಕ್ರೈಸ್ತರ ನಂಬಿಕೆ. ಹಳೆಯ ಪಾಪದ ಬದುಕು ಕ್ರಿಸ್ತರೊಡನೆ ಸತ್ತು, ಅವರೊಡನೆ ಹೊಸ ಬದುಕು ಏಳುತ್ತದೆ. ಹುಟ್ಟು ಒಂದೇ ಸಲ. ಹಾಗೆಯೇ ದೀಕ್ಷಾಸ್ನಾನವೂ ಜೀವಮಾನದಲ್ಲಿ ಒಂದೇ ಸಲ.

ಹೇಗೆ ನಡೆಯುತ್ತದೆ?

ಗುರುಗಳು ಮಗುವಿನ ಹೆಸರು ಕೇಳಿ ಹಣೆಯ ಮೇಲೆ ಶಿಲುಬೆ ಗುರುತು ಹಾಕುತ್ತಾರೆ. ತಂದೆತಾಯಿ ಮತ್ತು ಜ್ಞಾನತಂದೆ, ಜ್ಞಾನತಾಯಿ ಕೆಡುಕನ್ನು ಬಿಡುತ್ತೇವೆಂದು ಹೇಳಿ, ತಮ್ಮ ವಿಶ್ವಾಸವನ್ನು ಎಲ್ಲರೆದುರು ಸಾರುತ್ತಾರೆ. ಆಮೇಲೆ ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಮಗುವಿನ ತಲೆಯ ಮೇಲೆ ಮೂರು ಸಲ ನೀರು ಹುಯ್ಯುತ್ತಾರೆ. ನೆತ್ತಿಗೆ ಪವಿತ್ರ ತೈಲ, ಮೈಗೆ ಬಿಳಿ ಬಟ್ಟೆ. ಪಾಸ್ಕದ ದೊಡ್ಡ ಮೇಣದ ಬತ್ತಿಯಿಂದ ಹಚ್ಚಿದ ಚಿಕ್ಕ ಬತ್ತಿಯನ್ನು ಮನೆಯವರ ಕೈಗೆ ಕೊಡುತ್ತಾರೆ. ಕೆಲವು ಕ್ರೈಸ್ತ ಪಂಗಡಗಳಲ್ಲಿ ದೊಡ್ಡವರಾದ ಮೇಲೆ, ಪೂರ್ತಿ ಮುಳುಗಿಸಿಯೇ ಕೊಡುತ್ತಾರೆ. ಕಥೋಲಿಕರಲ್ಲಿ ಮುಳುಗಿಸುವುದಕ್ಕೂ ಹುಯ್ಯುವುದಕ್ಕೂ ಒಂದೇ ಬೆಲೆ. ಬರಗಾಲದಲ್ಲಿ ಒಂದು ಚೊಂಬು ನೀರೂ ಸಾಕು.

ಜೀವಕ್ಕೆ ಅಪಾಯವಾದರೆ?

ಇದು ಹೆಚ್ಚಿನವರಿಗೆ ತಿಳಿಯದ ಮಾತು. ಎಳೆಗೂಸು ಸಾಯುವ ಸ್ಥಿತಿಯಲ್ಲಿದ್ದು ಗುರುಗಳು ಬರಲು ಆಗದಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ನರ್ಸಮ್ಮ, ಸೂಲಗಿತ್ತಿ, ಪಕ್ಕದ ಮನೆಯಾಕೆ, ಕೊಡುವವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ತಾಯಿ ಕೇಳಿಕೊಂಡಾಗ, ಧರ್ಮಸಭೆ ಮಾಡುವುದನ್ನೇ ಮಾಡುವ ಮನಸ್ಸಿನಿಂದ, ಆ ಮೂರು ಹೆಸರು ಹೇಳಿ ನೀರು ಹುಯ್ದರೆ ಅದು ಪೂರ್ಣ ದೀಕ್ಷಾಸ್ನಾನವೇ. ಅಷ್ಟಕ್ಕೂ ಸಮಯ ಸಿಗದೆ ಕೂಸು ಹೋಗಿಬಿಟ್ಟರೆ? ಅಂಥ ತಾಯಿಯನ್ನು ಯಾರೂ ಹೆದರಿಸಬಾರದು, ದೂರಬಾರದು. ಆ ಮಕ್ಕಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ, ಅವರ ರಕ್ಷಣೆಗೆ ಭರವಸೆ ಇಡುತ್ತದೆ. ಇದು ಅದರ ಅಧಿಕೃತ ಬೋಧನೆ.

ಬಲವಂತ ಉಂಟೇ?

ಇಲ್ಲ. ದೊಡ್ಡವರು ತಾವಾಗಿಯೇ ಬಯಸಿ, ಕಲಿತು, ತಿಂಗಳುಗಟ್ಟಲೆ ಸಿದ್ಧರಾದ ಮೇಲೆ, ಸಾಮಾನ್ಯವಾಗಿ ಪಾಸ್ಕದ ಹಿಂದಿನ ರಾತ್ರಿ, ಇದನ್ನು ಪಡೆಯುತ್ತಾರೆ. ಮಗುವಿಗಾದರೆ ಹೆತ್ತವರಲ್ಲಿ ಒಬ್ಬರಾದರೂ ಒಪ್ಪಬೇಕು. ಸಾಲಕ್ಕೆ, ಸೌಲಭ್ಯಕ್ಕೆ, ಸಂಘದ ಸದಸ್ಯತ್ವಕ್ಕೆ ಬದಲಾಗಿ ಕೊಟ್ಟು ತೆಗೆದುಕೊಳ್ಳುವ ವಸ್ತು ಇದಲ್ಲ. ಹಾಗೆ ಯಾರಾದರೂ ಹೇಳಿದರೆ ಅದು ಧರ್ಮಸಭೆಯ ನಿಯಮಕ್ಕೇ ವಿರುದ್ಧ. ಗೆಳತಿಯ ಮನೆಯ ಕಾರ್ಯಕ್ಕೆ ನೀವೆಲ್ಲ ಹೋಗಿ ಹರಸಿ ಬರಬಹುದು. ಜ್ಞಾನತಾಯಿಯಾಗಲು ಮಾತ್ರ ದೃಢೀಕರಣ ಪಡೆದ ಕಥೋಲಿಕಳಾಗಿರಬೇಕು, ವಯಸ್ಸು ಸಾಮಾನ್ಯವಾಗಿ 16 ತುಂಬಿರಬೇಕು.

ಇದನ್ನು ಮರೆಯಬೇಡಿ

ಚರ್ಚಿನಲ್ಲಿ ಕೊಡುವ ದೀಕ್ಷಾಸ್ನಾನದ ಪತ್ರ ಸರ್ಕಾರದ ಜನನ ಪ್ರಮಾಣಪತ್ರವಲ್ಲ. ಯಾವ ಧರ್ಮದ ಮನೆಯಾದರೂ ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಿಸಲು, ಮುಂದೆ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹುಟ್ಟಿದ ದಿನಕ್ಕೆ ಆಧಾರ ಅದೇ ಪತ್ರ. ಮುಂದಿನ ಸಭೆಯಲ್ಲಿ ಬಾಣಂತಿಯರಿರುವ ಮನೆಗಳನ್ನು ನೆನಪು ಮಾಡಿಕೊಂಡು ಒಮ್ಮೆ ವಿಚಾರಿಸೋಣ.