ಅಂಗವೈಕಲ್ಯ: ದೇಹದ ಊನವೋ, ಸಮಾಜದ ತಡೆಯೋ?

ಅಂಗವೈಕಲ್ಯವನ್ನು ವ್ಯಕ್ತಿಯ ದೇಹಕ್ಕೆ ಮಾತ್ರ ಸೇರಿದ ಕೊರತೆಯೆಂದು ಪರಿಗಣಿಸುವುದು ಬಹುಕಾಲದ ರೂಢಿ. ಪೂರ್ವಜನ್ಮದ ಕರ್ಮಫಲವೆಂಬ ನಂಬಿಕೆಯಾಗಲಿ, ಚಿಕಿತ್ಸೆಯಿಂದ ನೀಗಬೇಕಾದ ದೋಷವೆಂಬ ವೈದ್ಯಕೀಯ ನಿಲುವಾಗಲಿ, ಕಾರಣವನ್ನು ವ್ಯಕ್ತಿಯೊಳಗೇ ಹುಡುಕುತ್ತವೆ. ಇದಕ್ಕೆ ಪ್ರತಿಯಾಗಿ ಬ್ರಿಟನ್ನಿನ ಅಂಗವಿಕಲರ ಸಂಘಟನೆಯೊಂದು 1976ರಲ್ಲಿ ಊನ ಮತ್ತು ವೈಕಲ್ಯಗಳನ್ನು ಬೇರ್ಪಡಿಸಿತು. ಊನವು ದೇಹದ್ದು, ವೈಕಲ್ಯವು ಆ ದೇಹವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸಮಾಜವು ಹೇರಿದ್ದು. ಈ ವಿಚಾರವನ್ನು ಮೈಕ್ ಆಲಿವರ್ 1983ರಲ್ಲಿ 'ಸಾಮಾಜಿಕ ಮಾದರಿ' ಎಂದು ಕರೆದರು. ಕನ್ನಡ ನುಡಿಯಿಂದಲೂ ಕನ್ನಡ ನಾಡಿನ ಒಂದು ಸಂಸ್ಥೆಯ ಚರಿತ್ರೆಯಿಂದಲೂ ಈ ಭೇದವನ್ನು ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಸಮಾಜದ ಮನೋಭಾವವು ಮೊದಲು ಪ್ರಕಟವಾಗುವುದು ನುಡಿಯಲ್ಲಿ. 'ಕುರುಡುನಂಬಿಕೆ', 'ಕುಂಟುನೆಪ', 'ಜಾಣಕಿವುಡು' ಮೊದಲಾದ ನಿತ್ಯಬಳಕೆಯ ಪದಗಳಲ್ಲಿ ಅಂಗದ ಊನವು ಬುದ್ಧಿಯ ಅಥವಾ ನಡತೆಯ ದೋಷಕ್ಕೆ ಉಪಮಾನವಾಗಿದೆ. ಇಂತಹ ಪದಗಳನ್ನು ಕೇಳುತ್ತ ಬೆಳೆಯುವ ಅಂಧ ಬಾಲಕನಿಗೆ ಸಮಾಜದ ತೀರ್ಪು ಮೊದಲೇ ತಿಳಿದಿರುತ್ತದೆ. ಗೌರವಸೂಚಕವೆಂದು ರೂಪಿಸಿದ ಪದಗಳೂ ಸಮಸ್ಯೆಯಿಂದ ಮುಕ್ತವಲ್ಲ. 'ಅಂಗವಿಕಲ' ಎಂಬುದರ ಬದಲಾಗಿ ಕರ್ನಾಟಕದ ಆಡಳಿತದಲ್ಲಿ ರೂಢಿಗೆ ಬಂದ 'ವಿಕಲಚೇತನ' ಎಂಬ ಸಮಾಸವನ್ನು ಬಿಡಿಸಿ ನೋಡಿದರೆ, ಅಂಗದಲ್ಲಿದ್ದ ವೈಕಲ್ಯವು ಚೇತನಕ್ಕೇ ಅಂಟಿಕೊಂಡಿರುವುದು ಕಂಡುಬರುತ್ತದೆ.

ಇನ್ನು ಸಂಸ್ಥೆಯ ಚರಿತ್ರೆಗೆ ಬರೋಣ. ಉತ್ತರ ಕರ್ನಾಟಕದ ಗದಗಿನಲ್ಲಿರುವ ವೀರೇಶ್ವರ ಪುಣ್ಯಾಶ್ರಮವು ಅಂಧರಿಗೂ ಅನಾಥರಿಗೂ ಅನ್ನ, ವಸತಿ ಹಾಗೂ ಸಂಗೀತಶಿಕ್ಷಣವನ್ನು ನೀಡುತ್ತ ಬಂದಿರುವ ಸಂಸ್ಥೆ. ಇದರ ಸ್ಥಾಪಕರಾದ ಪಂಚಾಕ್ಷರ ಗವಾಯಿಗಳು (1892-1944) ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಜನಿಸಿದರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯ ದೊರೆತುದರಿಂದ ಅವರು ಕರ್ನಾಟಕ ಮತ್ತು ಹಿಂದುಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾಂಡಿತ್ಯ ಪಡೆದರು. ಅವರ ತರುವಾಯ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳು (1914-2010) ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥರಚನೆ ಮಾಡಿದವರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಇಲ್ಲಿ ಗಮನಿಸಬೇಕಾದುದು ಪವಾಡವನ್ನಲ್ಲ, ವ್ಯವಸ್ಥೆಯನ್ನು. ಗುರುಮುಖದಿಂದ ಕೇಳಿ ಕಲಿಯುವ ಸಂಗೀತಕ್ಕೆ ಕಿವಿ ಮತ್ತು ನೆನಪು ಮುಖ್ಯ, ಕಣ್ಣು ಅನಿವಾರ್ಯವಲ್ಲ. ಶುಲ್ಕದ ತಡೆ ಇರಲಿಲ್ಲ; ಕಲಿಸುವವರೇ ಅಂಧರಾದುದರಿಂದ ಅನುಮಾನದ ತಡೆಯೂ ಇರಲಿಲ್ಲ. ಅಂಧ ಗುರುವಾದ ಪಂಚಾಕ್ಷರ ಗವಾಯಿಗಳಿಂದ ಬಸವರಾಜ ರಾಜಗುರು ಅವರೂ, ಪುಟ್ಟರಾಜ ಗವಾಯಿಗಳಿಂದ ಎಂ. ವೆಂಕಟೇಶಕುಮಾರ್ ಅವರೂ ಕಲಿತರು. ಈ ಇಬ್ಬರು ಶಿಷ್ಯರೂ ಕಣ್ಣುಳ್ಳವರು. ಗುರುವಿನ ದೇಹದಲ್ಲಿ ಏನೂ ಬದಲಾಗಿರಲಿಲ್ಲ. ಸುತ್ತಲಿನ ಏರ್ಪಾಡು ಬದಲಾದುದರಿಂದ ಭಿಕ್ಷಾರ್ಹನೆನಿಸಬಹುದಾಗಿದ್ದವನು ಗುರುವಾದನು.

ಆದರೂ ಒಂದು ಮಿತಿಯನ್ನು ಮರೆಯುವಂತಿಲ್ಲ. ತೆರೆದುದು ಸಂಗೀತದ ಬಾಗಿಲೊಂದೇ ಆದರೆ, ಸಂಗೀತದ ಒಲವಿಲ್ಲದ ಅಂಧನೂ ಕಿವುಡನೂ ಹೊರಗೇ ಉಳಿಯುತ್ತಾರೆ. 'ಅಂಧರು ಹಾಡಬಲ್ಲರು' ಎಂಬ ಮೆಚ್ಚುಗೆಯು ಕ್ರಮೇಣ 'ಅಂಧರು ಹಾಡಬೇಕು' ಎಂಬ ನಿರೀಕ್ಷೆಯಾದಾಗ ಅದೂ ಒಂದು ತಡೆಯೇ. ಹಾಗೆಯೇ, ತಡೆಗಳೆಲ್ಲ ನಿವಾರಣೆಯಾದರೂ ದೇಹದ ನೋವು, ಆಯಾಸಗಳು ಉಳಿಯಬಹುದೆಂಬುದನ್ನು ಸಾಮಾಜಿಕ ಮಾದರಿಯ ವಿಮರ್ಶಕರು ತೋರಿಸಿಕೊಟ್ಟಿದ್ದಾರೆ.

ಭಾರತದ ಶಾಸನವೂ ಇದೇ ದಿಕ್ಕಿನಲ್ಲಿ ಸಾಗಿದೆ. 1995ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯಿದೆಯು ಅವನ್ನು 21ಕ್ಕೆ ವಿಸ್ತರಿಸಿದುದಲ್ಲದೆ, ದೀರ್ಘಕಾಲಿಕ ಊನವು ತಡೆಗಳೊಡನೆ ಸೇರಿ ಸಮಾಜದಲ್ಲಿ ಸಮಾನವಾಗಿ ಭಾಗವಹಿಸುವುದಕ್ಕೆ ಅಡ್ಡಿಯಾಗುವ ಸ್ಥಿತಿಯೆಂದು ವೈಕಲ್ಯವನ್ನು ವಿವರಿಸಿತು. ಆದರೆ ನಮ್ಮ ಎಣಿಕೆಯ ಕ್ರಮ ಇಷ್ಟು ಮುಂದೆ ಸಾಗಿಲ್ಲ. 2011ರ ಜನಗಣತಿಯು ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ದಾಖಲಿಸಿತು. ಅದು ಕೇಳಿದ್ದು ಯಾವ ಊನವೆಂಬುದನ್ನು. ಯಾವ ಮೆಟ್ಟಿಲು, ಯಾವ ಪಠ್ಯ, ಯಾವ ಮಾತು ತಡೆಯಾಯಿತೆಂಬುದನ್ನಲ್ಲ.

ಹೊರನಾಡಿನ ಸಂಶೋಧಕರು ಕರ್ನಾಟಕದ ಅಂಗವಿಕಲರ ಜೀವನವನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವಾಗ ಈ ಎರಡನೆಯ ಪ್ರಶ್ನೆಯಿಂದ ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ. ಒಬ್ಬ ಗವಾಯಿಯ ಸಾಧನೆಯನ್ನು ಕೊಂಡಾಡುವುದು ಸುಲಭ. ಅಂತಹ ಆಶ್ರಯ ದೊರೆಯದೆ ಮನೆಯ ಮೂಲೆಯಲ್ಲಿಯೇ ಉಳಿದವರ ಚರಿತ್ರೆಯನ್ನು ಬರೆಯುವ ಕೆಲಸ ಇನ್ನೂ ಆಗಬೇಕಾಗಿದೆ.