ಕಾರ್ಮಿಕರ ಕಾಫಿ ಹೌಸ್, ಬಾಡಿಗೆಯ ನೆಲ

ಬೆಳಗಿನ ತಿಂಡಿಯ ಹೊತ್ತು ಮೀರಿ, ಮಧ್ಯಾಹ್ನದ ಊಟಕ್ಕೆ ಇನ್ನೂ ಸಮಯವಿರುವಾಗ ಸಾವಕಾಶವಾಗಿ ಕುಳಿತು ತಿನ್ನುವುದನ್ನು ನಗರವಾಸಿಗಳು ಬ್ರಂಚ್ ಎನ್ನುತ್ತಾರೆ. ದಾಂಡೇಲಿಯಂಥ ಕಾಗದ ಕಾರ್ಖಾನೆಯ ಊರಿನಲ್ಲಿ ರಾತ್ರಿ ಪಾಳಿ ಮುಗಿಸಿದವರಿಗೆ ಇದು ದಿನನಿತ್ಯದ ಅಗತ್ಯ. ಹಳಿಯಾಳ, ಮುಂಡಗೋಡಗಳಲ್ಲಿ ಸಂತೆಗೆ ಬಂದವರಿಗೆ ವಾರಕ್ಕೊಮ್ಮೆಯ ರೂಢಿ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ ಮಾತ್ರ ಪಾಳಿಯನ್ನೂ ಸಂತೆಯನ್ನೂ ನೆಚ್ಚದೆ, ಒಂದು ಲೋಟ ಕಾಫಿಗೆ ಗಂಟೆಗಟ್ಟಲೆ ಕುಳಿತವರನ್ನೂ ಎಬ್ಬಿಸದೆ, ಸುಮಾರು ಐದು ದಶಕ ನಡೆದು 2009ರ ಏಪ್ರಿಲ್‌ನಲ್ಲಿ ಅಲ್ಲಿ ಬಾಗಿಲು ಹಾಕಿತು.

ಅಗಲವಾದ ಪಟ್ಟಿ ಬಿಗಿದ ಬಿಳಿ ಸಮವಸ್ತ್ರ ತೊಟ್ಟು, ಬೀಸಣಿಗೆಯಂತೆ ತುರಾಯಿ ಎದ್ದ ಪೇಟ ಧರಿಸಿದ ಮಾಣಿಗಳು ಮಸಾಲೆ ದೋಸೆಯನ್ನೂ, ಕಟ್ಲೆಟ್ಟನ್ನೂ, ಸ್ಕ್ರ್ಯಾಂಬಲ್ಡ್ ಎಗ್ಗನ್ನೂ, ಅಂದರೆ ಒಡೆದ ಮೊಟ್ಟೆಯನ್ನು ಕಾವಲಿಯ ಮೇಲೆ ಗಟ್ಟಿಯಾಗಲು ಬಿಡದೆ ಕೆದಕಿ ಮೆತ್ತಗಿರುವಾಗಲೇ ಇಳಿಸಿದ ತಿನಿಸನ್ನೂ, ಸುಟ್ಟ ಬ್ರೆಡ್ಡಿನ ಜೊತೆ ತಂದಿಡುತ್ತಿದ್ದರು. ಪತ್ರಕರ್ತರೂ ವಿದ್ಯಾರ್ಥಿಗಳೂ ನಿವೃತ್ತರೂ ಒಂದೇ ಸೂರಿನಡಿ ಕೂರುವಷ್ಟು ಬೆಲೆ ಅಗ್ಗವಾಗಿತ್ತು; ಅದಕ್ಕೆ ಕಾರಣ ಹೋಟೆಲಿನ ಒಡೆತನದಲ್ಲಿತ್ತು.

ಕಾಫಿಯ ಬಳಕೆಯನ್ನು ದೇಶದೊಳಗೆ ಹೆಚ್ಚಿಸಲು 1930ರ ದಶಕದಲ್ಲಿ ಆರಂಭವಾದ ಇಂಥ ಕಾಫಿ ಹೌಸ್‌ಗಳನ್ನು ಮುಂದೆ ನಡೆಸಿದ ಕಾಫಿ ಮಂಡಳಿ 1950ರ ದಶಕದ ಮಧ್ಯದಲ್ಲಿ ಅವನ್ನು ಮುಚ್ಚಲು ಹೊರಟಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಕಾರ್ಮಿಕರೇ ಸಹಕಾರ ಸಂಘಗಳನ್ನು ಕಟ್ಟಿ ಅವನ್ನು ವಹಿಸಿಕೊಂಡರು. ಇಂಥ ಮೊದಲ ಸಂಘ 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲೇ ಸ್ಥಾಪನೆಯಾಯಿತು. ಸಹಕಾರ ಸಂಘವೆಂದರೆ ದುಡಿಯುವ ಸದಸ್ಯರೇ ಪಾಲುದಾರರಾದ ಸಂಸ್ಥೆ. ಕೆಲಸ ಹೋಗಲಿದ್ದ ಅಡುಗೆಯವರೂ ಮಾಣಿಗಳೂ ತಾವೇ ಒಡೆಯರಾದ ಈ ಘಟನೆ ಕರ್ನಾಟಕದ ಹೋಟೆಲುಗಳ ಇತಿಹಾಸದಲ್ಲಿ ಈಗ ದೊರೆತಿರುವುದಕ್ಕಿಂತ ಹೆಚ್ಚಿನ ಸ್ಥಾನಕ್ಕೆ ಅರ್ಹವಾಗಿದೆ.

ಆದರೆ ವ್ಯಾಪಾರ ಅವರದಾದರೂ ನೆಲ ಅವರದಾಗಿರಲಿಲ್ಲ. ಬಾಡಿಗೆಯ ಕಟ್ಟಡವನ್ನು ತೆರವು ಮಾಡಬೇಕಾಗಿ ಬಂದಾಗ ಸಂಘವು ಚರ್ಚ್ ಸ್ಟ್ರೀಟಿನ ಬ್ರಿಗೇಡ್ ಗಾರ್ಡನ್ಸ್‌ಗೆ ಸ್ಥಳಾಂತರಗೊಂಡಿತು. ಪೇಟವೂ ತಿಂಡಿಪಟ್ಟಿಯೂ ಜೊತೆಗೆ ಹೋದವು. ರಸ್ತೆಯಲ್ಲಿ ನಡೆದುಹೋಗುತ್ತಿದ್ದವರು ಪರಿಚಿತರ ಮುಖ ಕಂಡು ಒಳಬರುವ ಅನುಕೂಲ ಮಾತ್ರ ಜೊತೆಗೆ ಹೋಗಲಿಲ್ಲ; ಹಳೆಯ ಗಿರಾಕಿಗಳಿಗೆ ನೋವಾದದ್ದು ಅದಕ್ಕಾಗಿ. ಸ್ವಂತ ನೆಲವಿದ್ದ ಮಾತ್ರಕ್ಕೆ ಹೋಟೆಲ್ ಉಳಿಯುತ್ತದೆ ಎಂದೂ ಹೇಳಲಾಗದು: ಬಟನ್ ಇಡ್ಲಿಗೆ ಹೆಸರಾಗಿದ್ದ ಮಲ್ಲೇಶ್ವರದ ನ್ಯೂ ಕೃಷ್ಣ ಭವನ 1954ರಿಂದ ನಡೆದು, ಜಾಗ ಮಾರಾಟವಾದ ಮೇಲೆ 2023ರ ಡಿಸೆಂಬರ್‌ನಲ್ಲಿ ಮುಚ್ಚಿತು.